ನಮ್ಮ ಮನೆಯ ಮಾರುತ್

ಬೆಂಗಳೂರಿನ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯಕ್ಕೆ ಹೋದ ಮಕ್ಕಳು ಹೊರಗಡೆ ನಿಂತಿರುವ ಜೆಟ್ ವಿಮಾನವನ್ನು ನೋಡಿರುತ್ತೀರಿ. ಅದರ ಹೆಸರು ಎಚ್‌ಎಫ್-24 ಮಾರುತ್. ನಮ್ಮ ದೇಶದಲ್ಲೇ ರೂಪುಗೊಂಡ ಮೊದಲ ಜೆಟ್ ಯುದ್ಧವಿಮಾನ. ಬೆಂಗಳೂರಿನ ಎಚ್‌ಎಎಲ್ ಕಾರ್ಖಾನೆಯಲ್ಲಿ ಹುಟ್ಟಿದ್ದು. 1961ರ ಜೂನ್ 17ರಂದು ವಿಂಗ್ ಕಮಾಂಡರ್ ಸುರಂಜನ್ ದಾಸ್ ಅದನ್ನು ಮೊದಲ ಬಾರಿಗೆ ಹಾರಿಸಿದರು. ಒಟ್ಟು 147 ತಯಾರಾದವು, 1971ರ ಯುದ್ಧದಲ್ಲೂ ಕೆಲಸ ಮಾಡಿದವು. ಈಗ ಹಾರುವ ಮಾರುತ್ ಒಂದೂ ಉಳಿದಿಲ್ಲ.

ಹಾರುವಂಥ ಪುಟ್ಟದೊಂದನ್ನು ಮಾಡಬೇಕೆಂದು ಈ ವಯಸ್ಸಿನಲ್ಲಿ ನಾನು ಹೊರಟದ್ದು ನಮ್ಮಪ್ಪನಿಗಾಗಿ. ಅವರು ಅದೇ ಕಾರ್ಖಾನೆಯಲ್ಲಿ ಬಡಗಿ. ‘ಜೆಟ್ ವಿಮಾನಕ್ಕೆ ಬಡಗಿ ಯಾಕೆ ತಾತ?’ ಎಂದಳು ಎಂಟನೇ ತರಗತಿಯ ನನ್ನ ಮೊಮ್ಮಗಳು. ವಿನ್ಯಾಸ ಮಾಡಿದ ಜರ್ಮನಿಯ ಕುರ್ಟ್ ಟ್ಯಾಂಕ್ ಅವರು ಮೊದಲು ಅದೇ ಅಳತೆಯ, ಎಂಜಿನ್ ಇಲ್ಲದ ಮರದ ಗ್ಲೈಡರ್ ಮಾಡಿಸಿದರು. ಡಕೋಟಾ ವಿಮಾನ ಅದನ್ನು ಹಗ್ಗ ಕಟ್ಟಿ ಎಳೆದುಕೊಂಡು ಮೇಲೇರಿ ಬಿಟ್ಟುಬಿಡುತ್ತಿತ್ತು. ಆಕಾರ ಸರಿಯಿದೆಯೇ ಎಂಬ ಪರೀಕ್ಷೆ. ಆ ಮರಕ್ಕೆ ಉಳಿ ಹಿಡಿದವರಲ್ಲಿ ಅಪ್ಪನೂ ಒಬ್ಬರು. ಕಾರ್ಖಾನೆಯ ವಿಷಯ ಮನೆಯಲ್ಲಿ ಆಡಬಾರದೆಂಬುದು ಅವರ ಶಿಸ್ತು. ನಿವೃತ್ತರಾದ ಮೇಲೆ ಒಮ್ಮೆ ಬಾಯಿಬಿಟ್ಟರು, ಅದೂ ಒಂದೇ ಮಾತು: ‘ಹಗ್ಗ ಬಿಚ್ಚಿದ ಮೇಲೆ ಸದ್ದೇ ಇರಲಿಲ್ಲ ಕಣೋ.’

ಮಾದರಿಯ ಅಳತೆ ಹನ್ನೆರಡರಲ್ಲಿ ಒಂದು. 15.87 ಮೀಟರ್ ಉದ್ದ 132 ಸೆಂ.ಮೀ. ಆಯಿತು, 9 ಮೀಟರ್ ರೆಕ್ಕೆ 75 ಸೆಂ.ಮೀ. ಆದರೆ ಉದ್ದ 12ರಲ್ಲಿ ಒಂದಾದರೆ ರೆಕ್ಕೆಯ ವಿಸ್ತೀರ್ಣ 144ರಲ್ಲಿ ಒಂದು, ತೂಕ 1,728ರಲ್ಲಿ ಒಂದು. ಯಾಕೆಂದು ಮಕ್ಕಳೇ, ನೀವೇ ಲೆಕ್ಕ ಹಾಕಿ ನೋಡಿ. ವರ್ಷಗಟ್ಟಲೆ ಚಕ್ರಬಡ್ಡಿ ಹಾಕಿದ ನನಗೆ ಇದು ಖುಷಿಯ ಲೆಕ್ಕ. ಆ ಪ್ರಕಾರ ಮಾದರಿ ಮೂರೂವರೆ ಕಿಲೋ ಇರಬಹುದು. ನಮ್ಮದು ಒಂದು ಕಿಲೋ ನೂರು ಗ್ರಾಮಿಗೆ ನಿಂತಿತು.

ಮೈಗೆಲ್ಲ ಹಗುರವಾದ ಫೋಮ್ ಹಾಳೆ. ಮೂತಿಗೆ ಮಾತ್ರ ಬಾಲ್ಸಾ ಮರ, ಅದನ್ನು ಅಪ್ಪನ ಉಳಿಯಿಂದಲೇ ಕೆತ್ತಿದೆ. ತೇಗ ಕಡಿದ ಉಳಿಗೆ ಬಾಲ್ಸಾ ಎಂದರೆ ಬೆಣ್ಣೆ. ಕಷ್ಟ ಕೊಟ್ಟದ್ದು ನಡು. ರೆಕ್ಕೆ ಕೂಡುವ ಕಡೆ ಮಾರುತ್‌ನ ಮೈ ಸ್ವಲ್ಪ ಒಳಕ್ಕೆ ಸೇದಿಕೊಂಡಿದೆ. ಶಬ್ದದ ವೇಗದ ಹತ್ತಿರ ಗಾಳಿಯ ಅಡ್ಡಿ ಕಡಿಮೆಯಾಗಲೆಂದು ಹಾಗೆ. ನಮ್ಮ ವೇಗಕ್ಕೆ ಅದರಿಂದ ಕಾಸಿನ ಲಾಭವಿಲ್ಲ. ‘ನೇರ ಮಾಡೋಣ ತಾತ, ಒಳಗೆ ಜಾಗ ಸಿಗುತ್ತೆ’ ಎಂದಳು. ನಾನು ಒಪ್ಪಲಿಲ್ಲ. ಆ ನಡುವಿಲ್ಲದೆ ಅದು ಮಾರುತ್ ಹೇಗಾದೀತು? ಅದೊಂದಕ್ಕೇ ಮೂರು ವಾರ ಹಿಡಿಯಿತು.

ನಿಜವಾದ ಮಾರುತ್‌ಗೆ ಅದರ ಮೈಕಟ್ಟಿಗೆ ತಕ್ಕ ಎಂಜಿನ್ ಕೊನೆಗೂ ಸಿಗಲಿಲ್ಲ. ಕಡಿಮೆ ಶಕ್ತಿಯ ಎರಡು ಆರ್ಫಿಯಸ್ ಎಂಜಿನ್‌ಗಳಲ್ಲೇ ಹಾರಿತು. ನಮ್ಮದರಲ್ಲಿ ಕೊಳವೆಯೊಳಗೆ ತಿರುಗುವ 50 ಮಿ.ಮೀ.ನ ಎರಡು ವಿದ್ಯುತ್ ಫ್ಯಾನು, ಬ್ಯಾಟರಿ ಬರುವುದು ನಾಲ್ಕೇ ನಿಮಿಷ. ಆ ಬ್ಯಾಟರಿಯನ್ನು ಹಿಂದೆ ಮುಂದೆ ಸರಿಸಿ ತೂಕ ಸರಿದೂಗಿಸಬೇಕು. ಬಾಲ ಭಾರವಾದರೆ ವಿಮಾನ ಹಿಡಿತಕ್ಕೇ ಸಿಗುವುದಿಲ್ಲ.

ಡ್ರೋನ್ ನಕ್ಷೆಯಲ್ಲಿ ಹಸಿರು ವಲಯವೆಂದು ಖಚಿತ ಮಾಡಿಕೊಂಡು, ತುಮಕೂರಿನ ಕಡೆಯ ನಮ್ಮೂರಿಗೆ, ಕೊಯ್ಲಾದ ರಾಗಿ ಹೊಲಕ್ಕೆ ಒಯ್ದೆವು. ರಿಮೋಟ್ ಮೊಮ್ಮಗಳ ಕೈಯಲ್ಲಿ. ಥರ್ಮಕೋಲ್ ವಿಮಾನ ಹಾರಿಸಿ ಒಂದು ವರ್ಷ ಕಲಿತವಳು ಅವಳು. ಎಸೆಯುವುದು ನನ್ನ ಪಾಲು. ಎಸೆದೆ. ಮೊಣಕಾಲಿನ ಮಟ್ಟಕ್ಕೆ ಇಳಿದುಬಿಟ್ಟಿತು. ನನ್ನ ಉಸಿರು ಅಲ್ಲೇ ನಿಂತಿತ್ತು. ಅಷ್ಟರಲ್ಲಿ ಫ್ಯಾನುಗಳ ಕೂಗು ಏರಿತು, ಮೂತಿ ಎತ್ತಿತು, ಹುಣಸೆಮರದ ಮೇಲೆ ಹಾದು ತಿರುಗಿತು. ಕೆಳಗಿನಿಂದ ಆ ಸಣ್ಣ ನಡು ಚೆನ್ನಾಗಿ ಕಾಣುತ್ತಿತ್ತು. ಮೂರು ನಿಮಿಷದ ಮೇಲೆ ರಾಗಿ ಕೂಳೆಯ ಮೇಲೆ ಹೊಟ್ಟೆ ಉಜ್ಜಿಕೊಂಡು ಇಳಿಯಿತು.

ಬ್ಯಾಟರಿ ಬದಲಿಸಿ ಎರಡನೇ ಸಲ ಹಾರಿಸಿದಾಗ, ತೀರಾ ಎತ್ತರಕ್ಕೆ ಏರಿಸಿ, ‘ಮುತ್ತಾತನ ಥರ ಬಿಡ್ತೀನಿ ನೋಡು’ ಎಂದು ಫ್ಯಾನು ನಿಲ್ಲಿಸಿಬಿಟ್ಟಳು. ಹೊಲದ ಮೇಲೆ ಎರಡು ಸುತ್ತು ಹಾಕಿ ಅದು ನಮ್ಮ ಕಡೆಗೆ ಇಳಿದು ಬರುವಷ್ಟು ಹೊತ್ತೂ ಪಕ್ಕದ ಹೊಲದ ದನದ ಗಂಟೆ ಕೇಳುತ್ತಿತ್ತು.