ಅಟ್ಟದ ಮೇಲಿನ ಬಂಡವಾಳ

ಬ್ಯಾಂಕಿನಲ್ಲಿ ಮೂವತ್ತು ವರ್ಷ ಸಾಲದ ಮೇಜಿನ ಹಿಂದೆ ಕುಳಿತವನಿಗೆ ಒಂದು ರೋಗ ಅಂಟಿಕೊಳ್ಳುತ್ತದೆ. ದೇವಸ್ಥಾನಕ್ಕೆ ಹೋದರೂ ಅವನ ಮನಸ್ಸಿನಲ್ಲಿ ಮೊದಲು ಏಳುವ ಪ್ರಶ್ನೆ, ‘ಇದಕ್ಕೆ ದುಡ್ಡು ಕೊಟ್ಟವರು ಯಾರು?’ ಎಂಬುದೇ. ಬೇಲೂರಿನ ಮದನಿಕೆಯರ ಮುಂದೆ ರಸಿಕರು ಮೈಮರೆತು ನಿಂತಿರುವಾಗ ನನ್ನ ಕಣ್ಣು ಶಾಸನದ ಕಲ್ಲನ್ನು ಹುಡುಕುತ್ತಿರುತ್ತದೆ. ನನ್ನ ಮನೆಯವಳು ಇದನ್ನು ಅರಸಿಕತೆ ಎನ್ನುತ್ತಾಳೆ. ಇರಬಹುದು. ಆದರೆ ಉಳಿ ಹಿಡಿದವನಿಗೂ ಸಂಜೆಗೆ ಊಟ ಬೇಕಷ್ಟೆ?

ಬೇಲೂರಿನಲ್ಲಿ ಉಳಿ ಹಿಡಿದವರು ತಮ್ಮ ಹೆಸರು ಕೆತ್ತಿ ಹೋಗಿದ್ದಾರೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಅವರಲ್ಲಿ ಪ್ರಸಿದ್ಧರು. ಹಣ ಒದಗಿಸಿದವರ ಹೆಸರೂ ಉಳಿದಿದೆ. 1117ರ ಬೇಲೂರಿನ ಗುಡಿಗೆ ವಿಷ್ಣುವರ್ಧನ ದೊರೆಯೇ ನಿಂತ. ಹಳೇಬೀಡಿನ ಹೊಯ್ಸಳೇಶ್ವರಕ್ಕೆ ಅವನ ಅಧಿಕಾರಿ ಕೇತಮಲ್ಲ ಮುಂದಾದ. ಇಷ್ಟಾದರೆ ಅದು ಬರೀ ಕಟ್ಟಡದ ಖರ್ಚು. ನನಗೆ ಮೆಚ್ಚುಗೆಯಾಗುವುದು ಅದರ ಮುಂದಿನ ಮಾತು. ನಮ್ಮ ನಾಡಿನ ದಾನಶಾಸನಗಳಲ್ಲಿ ಮತ್ತೆ ಮತ್ತೆ ಬರುವ ಪದವೊಂದಿದೆ: ‘ಖಂಡಸ್ಫುಟಿತ ಜೀರ್ಣೋದ್ಧಾರ’. ಒಡೆದದ್ದನ್ನು, ಬಿರುಕು ಬಿಟ್ಟದ್ದನ್ನು ಸರಿಮಾಡುವುದಕ್ಕಾಗಿ ಇಂತಿಷ್ಟು ಭೂಮಿ ಬಿಟ್ಟಿದೆ ಎಂದು ಅರ್ಥ. ಕಟ್ಟುವ ದಿನವೇ ಒಡೆಯುವ ದಿನದ ಯೋಚನೆ! ಇಂದಿನ ಲೆಕ್ಕಿಗರು ಇದಕ್ಕೆ ಸವಕಳಿ ನಿಧಿ, ದುಡಿಯುವ ಬಂಡವಾಳ ಎಂದೆಲ್ಲ ಹೆಸರಿಟ್ಟು ತಾವೇ ಕಂಡುಹಿಡಿದಂತೆ ಬೀಗುತ್ತಾರೆ.

ಈ ಪುರಾಣವನ್ನು ಈಗ ಎತ್ತಿದ್ದಕ್ಕೆ ಕಾರಣವಿದೆ. ಅರಸೀಕೆರೆಯಲ್ಲಿ ನನ್ನ ಅಕ್ಕನ ಮಗ ಒಂದು ಫೋಟೋ ಸ್ಟುಡಿಯೋ ನಡೆಸುತ್ತಾನೆ. ಅದನ್ನು ತೆರೆದವರು ನಮ್ಮ ಭಾವ. ಸುತ್ತಿನ ಹಳ್ಳಿಗಳ ಮದುವೆ ಎಂದರೆ ಅವರು ಕತ್ತಿನಲ್ಲಿ ಯಾಷಿಕಾ ನೇತುಹಾಕಿಕೊಂಡು ಹಾಜರು. ಹೊಸ ಜೋಡಿಯನ್ನು ಹಳೇಬೀಡಿಗೆ ಕರೆದೊಯ್ದು ನಂದಿಯ ಮುಂದೆ ನಿಲ್ಲಿಸಿ, ‘ಸ್ವಲ್ಪ ಹತ್ತಿರ ನಿಂತ್ಕೊಳಿ, ಬಸವಣ್ಣ ಏನೂ ಅಂದ್ಕೊಳ್ಳಲ್ಲ’ ಎಂದು ನಗಿಸಿ ಚಿತ್ರ ತೆಗೆಯುತ್ತಿದ್ದರು. ಭಾವ ಹೋದರು. ಎಲ್ಲರ ಜೇಬಿಗೂ ಕ್ಯಾಮೆರಾ ಬಂತು. ಹುಡುಗ ಸಾಲ ಮಾಡಿ ಯಂತ್ರ ತಂದ, ಆ ಸಾಲದ ಬಡ್ಡಿಗೆ ಇನ್ನೊಂದು ಸಾಲ ಮಾಡಿದ. ಕಡೆಗೆ ಅಕ್ಕನ ಮನೆಯ ಪತ್ರ ಒಂದು ಫೈನಾನ್ಸಿನ ಕಪಾಟು ಸೇರಿತು. ಹೋದ ವರ್ಷ ಒಂದು ಬೆಳಿಗ್ಗೆ ನಮ್ಮ ಮನೆಗೆ ಬಂದು, ಕಾಫಿಯ ಲೋಟವನ್ನು ಹಾಗೇ ಹಿಡಿದುಕೊಂಡು, ‘ಮಾವ, ಐದು ಲಕ್ಷ ಕೊಟ್ರೆ ಅಂಗಡಿ ನಿಲ್ಲುತ್ತೆ. ಇಲ್ದಿದ್ರೆ ಬಾಗಿಲು ಹಾಕಿ ಬೆಂಗಳೂರಿಗೆ ಹೊರಟ್ಬಿಡ್ತೀನಿ’ ಎಂದ. ನನ್ನ ನಿವೃತ್ತಿಯ ಗಂಟಿನಲ್ಲಿ ಆಗ ಉಳಿದಿದ್ದದ್ದು ಅದಕ್ಕಿಂತ ಬಹಳ ಹೆಚ್ಚೇನಲ್ಲ.

ಆಗುವುದಿಲ್ಲ ಎನ್ನುವುದು ಬ್ಯಾಂಕಿನವರಿಗೆ ಕರಗತವಾದ ವಿದ್ಯೆ. ಆದರೆ ಅಕ್ಕನ ಮುಖ ನೋಡಿ ಹಾಗೆನ್ನಲು ಬರುವುದಿಲ್ಲ. ಒಂದು ವಾರ ಸಮಯ ಕೇಳಿ, ಮುಳುಗುವ ಕ್ಯಾಮೆರಾ ಕಂಪನಿಗಳಿಗೆ ದೊಡ್ಡವರು ಹೇಗೆ ದುಡ್ಡು ಹಾಕಿದರು ಎಂದು ಓದುತ್ತ ಕುಳಿತೆ. ಸ್ಟುಡಿಯೋ ಚಿಕ್ಕದು, ಕಾರ್ಖಾನೆ ದೊಡ್ಡದು, ನಿಜ. ಕಾಯಿಲೆ ಮಾತ್ರ ಒಂದೇ.

ಮೊದಲು ಸಿಕ್ಕಿದ್ದು ಭಾವನ ಯಾಷಿಕಾದ ಕತೆಯೇ. ಜಪಾನಿನ ಆ ಕಂಪನಿ ಕಷ್ಟಕ್ಕೆ ಸಿಕ್ಕಿ 1983ರಲ್ಲಿ ಕ್ಯೋಸೆರಾ ಎಂಬ ದೊಡ್ಡ ಮನೆಗೆ ಸೇರಿತು. ಕ್ಯೋಸೆರಾದವರಿಗೆ ಪಿಂಗಾಣಿಯ ಬಿಡಿಭಾಗಗಳಿಂದ ಹಿಡಿದು ನೂರು ವ್ಯವಹಾರ. 2005ರಲ್ಲಿ ಅವರು ಕ್ಯಾಮೆರಾದಿಂದ ಕೈತೊಳೆದುಕೊಂಡರು. ಆಮೇಲೆ ಹೆಸರೊಂದೇ ಹಾಂಗ್‌ಕಾಂಗಿನವರಿಗೆ ಮಾರಾಟವಾಯಿತು. ಶ್ರೀಮಂತರ ಮನೆಗೆ ದತ್ತು ಹೋದ ಮಗುವಿಗೆ ಅನ್ನಕ್ಕೆ ಕೊರತೆಯಿರಲಿಲ್ಲ. ಆದರೆ ಅದು ಇಲ್ಲದಿದ್ದರೆ ಆ ಮನೆ ನಿಲ್ಲುವಂತೆಯೂ ಇರಲಿಲ್ಲ.

ಎರಡನೆಯದು ನಮ್ಮ ಗಡಿಯಾಚೆಯ ಉದಕಮಂಡಲದ್ದು. 1960ರಲ್ಲಿ ಭಾರತ ಸರ್ಕಾರ ಅಲ್ಲಿ ಹಿಂದೂಸ್ಥಾನ್ ಫೋಟೋ ಫಿಲ್ಮ್ಸ್ ಕಂಪನಿಯನ್ನು ಸ್ಥಾಪಿಸಿತು. 1967ರಲ್ಲಿ ಉತ್ಪಾದನೆ ಮೊದಲಾಯಿತು. ‘ಇಂದು’ ಎಂಬ ಹೆಸರಿನ ಅದರ ಕಪ್ಪುಬಿಳುಪು ಫಿಲ್ಮನ್ನು ಭಾವ ಎಷ್ಟು ಸುರುಳಿ ಮುಗಿಸಿದರೋ! 1990ರ ದಶಕದಲ್ಲಿ ಅದು ರೋಗಗ್ರಸ್ತ ಉದ್ಯಮಗಳ ಪಟ್ಟಿ ಸೇರಿತು. ಸಾಲಕ್ಕೆ ಬಡ್ಡಿ, ಬಡ್ಡಿಗೆ ಮತ್ತೆ ಬಡ್ಡಿ ಏರುತ್ತಿದ್ದಾಗಲೇ ಲೋಕ ಫಿಲ್ಮನ್ನೇ ಮರೆಯತೊಡಗಿತು. ಬೊಕ್ಕಸದ ಹಣ ಸಂಬಳವನ್ನು ಕೊಡಬಲ್ಲದು, ಕೊಳ್ಳುವವನನ್ನು ತರಲಾರದು. ಬೆಂಗಳೂರಿನ ಎಚ್.ಎಂ.ಟಿ. ಗಡಿಯಾರವನ್ನು ಕಟ್ಟಿಕೊಂಡು ದೊಡ್ಡವರಾದ ನಮಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮೂರನೆಯದು ಜರ್ಮನಿಯ ಲೈಕಾ. ವೆಟ್ಸ್ಲಾರ್ ಎಂಬ ಊರಿನಲ್ಲಿ ಸೂಕ್ಷ್ಮದರ್ಶಕ ಮಾಡುತ್ತಿದ್ದ ಲೈಟ್ಸ್ ಮನೆತನದವರು, ತಮ್ಮಲ್ಲಿ ಕೆಲಸಕ್ಕಿದ್ದ ಓಸ್ಕರ್ ಬಾರ್ನಾಕ್ ರೂಪಿಸಿದ ಪುಟ್ಟ ಕ್ಯಾಮೆರಾವನ್ನು 1925ರಲ್ಲಿ ಪೇಟೆಗೆ ಬಿಟ್ಟರು. ಎಂಬತ್ತು ವರ್ಷಗಳ ತರುವಾಯ, 2005ರ ಹೊತ್ತಿಗೆ, ಅದೇ ಕಂಪನಿಯ ಅರ್ಧ ಬಂಡವಾಳ ಕರಗಿಹೋಗಿತ್ತು. ಡಿಜಿಟಲ್ ಯುಗ ಬಂದಿತ್ತು, ಇವರು ತಡಮಾಡಿದ್ದರು. ಬ್ಯಾಂಕುಗಳು ಕೊಟ್ಟ ಸಾಲದ ಮಿತಿಯನ್ನು ಹಿಂದಕ್ಕೆಳೆದುಕೊಳ್ಳತೊಡಗಿದವು. ಮಳೆ ಬಂದಾಗ ಕೊಡೆ ವಾಪಸು ಕೇಳುವುದು ನಮ್ಮ ಕುಲದ ಧರ್ಮ, ದೇಶಭೇದವಿಲ್ಲ.

ಆಗ ಅವರು ಮಾಡಿದ ಮೊದಲ ಕೆಲಸವನ್ನು ಗಮನಿಸಿ. ಷೇರುದಾರರ ಸಭೆ ಕರೆದು, ಹಳೆಯ ಬಂಡವಾಳವನ್ನು ತಗ್ಗಿಸಿ ನಷ್ಟವನ್ನು ಹಳಬರ ಲೆಕ್ಕಕ್ಕೇ ಬರೆದರು. ಅನಂತರ ಹೊಸ ಷೇರು ಹೊರಡಿಸಿದರು. ಎಂಜಲೆಲೆ ಎತ್ತಿ ನೆಲ ಸಾರಿಸಿದ ಮೇಲೆ ತಾನೆ ಎರಡನೆಯ ಪಂಕ್ತಿಗೆ ಎಲೆ ಹಾಕುವುದು? ಹಾಗೆ ಮಾಡದಿದ್ದರೆ ಹೊಸಬನ ಹಣ ಹಳೆಯ ಗುಂಡಿ ತುಂಬುವುದಕ್ಕೇ ಮುಗಿಯುತ್ತದೆ.

ಎರಡನೆಯ ಪಂಕ್ತಿಯ ಮುಖ್ಯ ಅತಿಥಿ ಆಂಡ್ರಿಯಾಸ್ ಕೌಫ್‌ಮನ್ ಎಂಬಾತ. ಮೊದಲು ಶಾಲೆಯಲ್ಲಿ ಮೇಷ್ಟರಾಗಿದ್ದವರು. ಅವರ ಕುಟುಂಬಕ್ಕೆ ಆಸ್ಟ್ರಿಯದ ಕಾಗದದ ಉದ್ಯಮದಿಂದ ಬಂದ ಹಣವಿತ್ತು. 2004ರಲ್ಲಿ ಒಂದು ಪಾಲು ಕೊಂಡಿದ್ದ ಅವರು, 2006ರಲ್ಲಿ ಪ್ಯಾರಿಸಿನ ಹೆರ್ಮೆಸ್ ಕಂಪನಿಯ ಪಾಲನ್ನೂ ಕೊಂಡು ಒಡೆಯರಾದರು. ಅದೇ ವರ್ಷ ಹೊರಬಂದ ಹೊಸ ಡಿಜಿಟಲ್ ಮಾದರಿಯಲ್ಲಿ ಕಪ್ಪು ನೈಲಾನ್ ಬಟ್ಟೆ ನೇರಳೆಯಾಗಿ ಕಾಣುತ್ತಿತ್ತು! ಕೊಂಡವರಿಗೆ ಎರಡೆರಡು ಫಿಲ್ಟರುಗಳನ್ನು ಪುಕ್ಕಟೆ ಕೊಟ್ಟು ಮಾನ ಉಳಿಸಿಕೊಂಡರು. 2009ರ ಮಾದರಿ ಕೈಹಿಡಿಯಿತು. ಬ್ಲ್ಯಾಕ್‌ಸ್ಟೋನ್ ಎಂಬ ಭಾರಿ ಹಣದ ಕಂಪನಿ ಬಂದದ್ದು 2011ರಲ್ಲಿ, ನೂರಕ್ಕೆ 44 ಪಾಲಿಗೆ. ನೀರು ಮೊಣಕಾಲಿಗೆ ಇಳಿದ ಮೇಲೆ ಹೊಳೆಗಿಳಿಯುವ ಜಾಣರು ಅವರು. ಕುತ್ತಿಗೆ ಮಟ್ಟದ ನೀರಿನಲ್ಲಿ ಇಳಿದದ್ದು ಮೇಷ್ಟರೇ. 2014ರಲ್ಲಿ ಕಂಪನಿ ಹುಟ್ಟಿದೂರಿಗೇ ಮರಳಿತು.

ಇಂಥ ಕಂಪನಿಗಳನ್ನು ಕೊಳ್ಳುವ ಇನ್ನೊಂದು ಬಗೆಯೂ ಉಂಟು. ಕೊಳ್ಳಲು ಸಾಲ ಮಾಡಿ, ಆ ಸಾಲವನ್ನು ಕೊಂಡ ಕಂಪನಿಯ ತಲೆಗೇ ಕಟ್ಟುವುದು. ಸೊಸೆಯ ಒಡವೆ ಅಡವಿಟ್ಟು ಮದುವೆಯ ಖರ್ಚು ತೀರಿಸಿದಂತೆ. ಕ್ಯಾಮೆರಾದಂಥ ಏಳುಬೀಳಿನ ವ್ಯಾಪಾರ ಅಂಥ ಭಾರವನ್ನು ತಾಳುವುದು ಕಷ್ಟ.

ಮೇಷ್ಟರು ಕೊಂಡದ್ದಾದರೂ ಏನನ್ನು? ನಷ್ಟದ ಪುಸ್ತಕವನ್ನಲ್ಲ. 1954ರಿಂದ ಲೈಕಾದ ಎಂ ಸರಣಿಗೆ ಮಾಡಿದ ಲೆನ್ಸುಗಳು ಆ ಹೊಸ ಡಿಜಿಟಲ್ ಕ್ಯಾಮೆರಾಕ್ಕೂ ಕೂರುತ್ತಿದ್ದವು. ಹಳೆಯ ಗಿರಾಕಿಯ ಕಪಾಟಿನಲ್ಲಿದ್ದ ಗಾಜೇ ಹೊಸ ವ್ಯಾಪಾರದ ಬಂಡವಾಳ. ಇದನ್ನು ಓದಿದಾಗ ನನಗೆ ಭಾವನ ಕಬ್ಬಿಣದ ಬೀರುಗಳು ನೆನಪಾದುವು. ನಲವತ್ತು ವರ್ಷದ ಮದುವೆ, ನಾಮಕರಣ, ಶಾಲೆಯ ಗುಂಪುಚಿತ್ರಗಳ ನೆಗೆಟಿವುಗಳು. ಒಂದೊಂದು ಲಕೋಟೆಯ ಮೇಲೂ ಊರು, ಮನೆತನ, ತಾರೀಖು, ಭಾವನ ಮುದ್ದಾದ ಅಕ್ಷರದಲ್ಲಿ. ಆ ಮದುಮಕ್ಕಳ ಮಕ್ಕಳು ಇಂದು ಬೆಂಗಳೂರಿನಲ್ಲೂ ಅಮೆರಿಕದಲ್ಲೂ ಇದ್ದಾರೆ. ಅಪ್ಪ ಅಮ್ಮ ಹಳೇಬೀಡಿನ ನಂದಿಯ ಮುಂದೆ ನಾಚಿಕೊಂಡು ನಿಂತ ಚಿತ್ರ ಬೇರೆಲ್ಲಿ ಸಿಗಬೇಕು?

ವಾರ ಕಳೆದ ಮೇಲೆ ಅರಸೀಕೆರೆಗೆ ಹೋಗಿ ಹುಡುಗನ ಮುಂದೆ ಲೆಕ್ಕ ಹರಡಿದೆ. ಮೂಲೆಯಲ್ಲಿದ್ದ ದೊಡ್ಡ ಮುದ್ರಣಯಂತ್ರವನ್ನೂ ಅವನ ಕಾರನ್ನೂ ಮಾರುವುದು. ಫೈನಾನ್ಸಿನವರು ದಂಡಬಡ್ಡಿ ಬಿಟ್ಟರೆ ಆ ಹಣದಲ್ಲೇ ಹಳೆಯ ಸಾಲ ತೀರಿಸಿ ಮನೆಯ ಪತ್ರ ಬಿಡಿಸುವುದು. ಪತ್ರ ಅಕ್ಕನ ಟ್ರಂಕು ಸೇರಿದ ಮೇಲೆ ನಾನು ಮೂರು ಲಕ್ಷ ಹಾಕುವುದು, ಸಾಲವಾಗಿ ಅಲ್ಲ, ಪಾಲಾಗಿ. ನೆಗೆಟಿವುಗಳನ್ನು ಶುದ್ಧಮಾಡಿ ಹೊಸ ಚಿತ್ರ ತೆಗೆಯುವ ಕೆಲಸಕ್ಕೆ ಮಾತ್ರ ಆ ಹಣ.

‘ಕಾರು ಮಾರಿದ್ರೆ ಊರವರು ಏನಂದ್ಕೋತಾರೆ, ಮಾವ?’ ಎಂದ.

‘ಮನೆ ಹೋದ್ರೆ ಏನಂತಾರೋ?’ ಎಂದಳು ಅಕ್ಕ, ಅಡಿಗೆಮನೆಯಿಂದ. ಆಮೇಲೆ ನನ್ನ ಕಡೆ ತಿರುಗಿ, ‘ಆ ದುಡ್ಡು ಹೋದ್ರೆ ನೀನು ಏನ್ ಮಾಡ್ತೀಯಪ್ಪ? ವಯಸ್ಸಾಯ್ತಲ್ಲ’ ಎಂದಳು. ಮೂವತ್ತು ವರ್ಷ ಎಷ್ಟೋ ಜನರನ್ನು ಇದೇ ಪ್ರಶ್ನೆ ಕೇಳಿದ್ದೆ. ಉತ್ತರ ಕೊಡುವ ಕಡೆ ಕುಳಿತದ್ದು ಆಗಲೇ ಮೊದಲು. ‘ಪೆನ್ಷನ್ ಇದೆಯಲ್ಲ ಅಕ್ಕ’ ಎಂದೆ. ಹೇಳಿದಷ್ಟು ಧೈರ್ಯ ಒಳಗಿರಲಿಲ್ಲ.

ಫೈನಾನ್ಸಿನವರು ಎರಡು ತಿಂಗಳು ಸತಾಯಿಸಿ ಒಪ್ಪಿದರು. ಛಾಪಾ ಕಾಗದದ ಮೇಲೆ ಕರಾರಾಯಿತು. ಪ್ರತಿ ತಿಂಗಳ ಆದಾಯದಲ್ಲಿ ಹತ್ತನೆಯ ಒಂದು ಪಾಲನ್ನು ಯಂತ್ರದ ರಿಪೇರಿಗೂ ಬೀರುಗಳ ರಕ್ಷಣೆಗೂ ಮೊದಲೇ ತೆಗೆದಿಡತಕ್ಕದ್ದು ಎಂಬ ಕಲಮಿಗೆ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂದೇ ತಲೆಬರಹ ಬರೆಸಿದೆ. ಬರೆಯುವವನು ಎರಡು ಸಲ ಕಾಗುಣಿತ ಕೇಳಿದ.

ಅರಸೀಕೆರೆ ಸೀಮೆಯ ರೈತ ಕಾಯನ್ನು ಸಿಪ್ಪೆಸಮೇತ ಅಟ್ಟಕ್ಕೆ ಹಾಕಿ ವರುಷದ ತನಕ ಕಾಯುತ್ತಾನೆ. ಒಳಗಿನ ನೀರು ತಾನಾಗಿ ಇಂಗಬೇಕು. ಆಗಲೇ ಅದು ಉಂಡೆ ಕೊಬ್ಬರಿ. ನಡುವೆ ಅವಸರಪಟ್ಟು ಒಡೆದರೆ ಎಳನೀರೂ ಇಲ್ಲ, ಕೊಬ್ಬರಿಯೂ ಇಲ್ಲ. ಒಂದೆರಡು ಕೊಳೆತೂ ಹೋಗುತ್ತವೆ. ಅದನ್ನು ಅವನು ಮೊದಲೇ ಲೆಕ್ಕಕ್ಕೆ ಹಿಡಿದಿರುತ್ತಾನೆ. ಆಗಾಗ ಅಟ್ಟ ಹತ್ತಿ ಒಂದು ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡುತ್ತಾನೆ, ಅಷ್ಟೆ. ನಾನೂ ತಿಂಗಳಿಗೊಮ್ಮೆ ಸ್ಟುಡಿಯೋಕ್ಕೆ ಹೋಗಿ ಲೆಕ್ಕದ ಪುಸ್ತಕ ತೆಗೆಸುತ್ತೇನೆ. ಹೋದ ತಿಂಗಳು ಹದಿನೇಳು ಮನೆತನದವರು ಚಿತ್ರ ಕೇಳಿಕೊಂಡು ಬಂದಿದ್ದರು. ಸುಲಿಯುವುದಕ್ಕೆ ಇನ್ನೂ ಎಂಟು ತಿಂಗಳಿದೆ.