ಕೊನೆಯ ಪಂಕ್ತಿಯ ಸವಾರ

ಮದುವೆಮನೆಯಲ್ಲಿ ಮೊದಲ ಪಂಕ್ತಿಗೆ ಕೂತವರಿಗೆ ಬಿಸಿ ಅನ್ನ ಸಿಗುತ್ತದೆ. ಕೊನೆಯ ಪಂಕ್ತಿಗೆ ಕೂತವರಿಗೆ ಮನೆಯವರು ಸಿಗುತ್ತಾರೆ. ಹೋಳಿಗೆ ಮುಗಿದಿರಬಹುದು, ಸಾರು ತಳ ಕಂಡಿರಬಹುದು. ಆದರೆ ಬಡಿಸಿ ಸುಸ್ತಾದ ಹುಡುಗರು, ಅಡುಗೆಯವರು, ಬೆಳಗಿನಿಂದ ಬಿಗಿದುಕೊಂಡೇ ಓಡಾಡಿದ ಹೆಣ್ಣಿನ ಸೋದರಮಾವ, ಎಲ್ಲರೂ ಎದುರಿಗೆ ಎಲೆ ಹಾಕಿಕೊಂಡು ಬಾಯಿ ಬಿಡುವುದು ಆಗಲೇ. ಬೈಕುಗಳ ಸಾಲಿನಲ್ಲಿ ಕಟ್ಟಕಡೆಯವನಾಗಿ ಹೋಗುವ ಸುಖವೂ ಅದೇ ಜಾತಿಯದು. ಮುಂದಿದ್ದವನಿಗೆ ಗುಡ್ಡ ಕಾಣುತ್ತದೆ, ಹಿಂದಿದ್ದವನಿಗೆ ಗುಡ್ಡದ ಜನ ಕಾಣುತ್ತಾರೆ.

ನಮ್ಮ ಗುಂಪಿನಲ್ಲಿ ಈ ಸ್ಥಾನ ನನಗೆ ಖಾಯಂ. ಅದಕ್ಕೆ ನನ್ನ ವಿನಯವೇನೂ ಕಾರಣವಲ್ಲ, ನನ್ನ ಯೆಜ್ಡಿ ಕಾರಣ. ಪೆಟ್ರೋಲಿನ ಜೊತೆ ಆಯಿಲ್ ಬೆರೆಸಿ ಕುಡಿಯುವ ಟು-ಸ್ಟ್ರೋಕ್ ಗಾಡಿ ಅದು. ಅದರ ಹಿಂದೆ ಬರುವವನು ಶಿರಾಡಿಯಲ್ಲೋ ಆಗುಂಬೆಯಲ್ಲೋ ಇದ್ದರೂ ಬೆಂಗಳೂರಿನ ಸಿಲ್ಕ್ ಬೋರ್ಡ್ ಸಿಗ್ನಲ್ಲಿನ ಗಾಳಿಯನ್ನೇ ಉಸಿರಾಡಬೇಕು. ಹಾಗಾಗಿ ಎಲ್ಲರೂ ಒಮ್ಮತದಿಂದ ನನ್ನನ್ನು ಹಿಂದಕ್ಕೆ ಹಾಕಿ, ಅದಕ್ಕೆ ‘ಸ್ವೀಪ್’ ಅಂತ ಗೌರವದ ಹೆಸರು ಕೊಟ್ಟಿದ್ದಾರೆ. ಬಿದ್ದವರನ್ನು ಎತ್ತುವುದು, ಪಂಕ್ಚರ್ ಆದವರ ಬಳಿ ನಿಲ್ಲುವುದು, ಯಾರದೋ ಲಗೇಜಿನಿಂದ ಜಾರಿದ ಟೆಂಟಿನ ಕೋಲು, ಚಪ್ಪಲಿ, ನೀರಿನ ಬಾಟಲಿ ಹೆಕ್ಕುವುದು ನನ್ನ ಕೆಲಸ. ಮುಂದಿನವನು ಗುಂಡಿ ಕಂಡಾಗ ಕಾಲು ಚಾಚಿ ಹಿಂದಿನವನಿಗೆ ತೋರಿಸಬೇಕು, ಅವನು ಅವನ ಹಿಂದಿನವನಿಗೆ, ಹೀಗೊಂದು ನಿಯಮವಿದೆ. ಸುದ್ದಿ ನನ್ನವರೆಗೆ ಬರುವ ಹೊತ್ತಿಗೆ ನಾನು ಗುಂಡಿಯೊಳಗೆ ಇಳಿದು ಮೇಲೆ ಬಂದಿರುತ್ತೇನೆ.

ಡಿಸೆಂಬರಿನ ಚಳಿಯಲ್ಲಿ ಚಿಕ್ಕಮಗಳೂರಿನಿಂದ ಮೂಡಿಗೆರೆ, ಕೊಟ್ಟಿಗೆಹಾರದ ಮೇಲೆ ಕಳಸಕ್ಕೆ ಹೋಗುವುದು, ದಾರಿಯಲ್ಲಿ ಟೆಂಟ್ ಹಾಕಿ ಮಲಗುವುದು ನಮ್ಮ ಯೋಜನೆ. ಮುಳ್ಳಯ್ಯನಗಿರಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. 1930 ಮೀಟರ್ ಎತ್ತರದ, ಕರ್ನಾಟಕದ ಅತಿ ಎತ್ತರದ ಶಿಖರದ ಬಗ್ಗೆ ಈಗ ಬರೆಯದವರಿಲ್ಲ, ಅದನ್ನು ಹತ್ತದವರಿಲ್ಲ. ಹತ್ತುವವರು ಅತಿಯಾಗಿ, ದಿನಕ್ಕೆ ಇಂತಿಷ್ಟೇ ವಾಹನ, ಮೊದಲೇ ಬುಕ್ ಮಾಡಿ ಬನ್ನಿ ಎಂದು ಜಿಲ್ಲಾಡಳಿತವೇ ಹೇಳಬೇಕಾಯಿತು. ಪಕ್ಕದ ಬೆಟ್ಟದ ಬಾಬಾ ಬುಡನ್ ಅವರು ಹದಿನೇಳನೇ ಶತಮಾನದಲ್ಲಿ ಯಾತ್ರೆ ಮುಗಿಸಿ ಬರುವಾಗ ಯೆಮೆನ್ನಿನ ಮೋಕಾದಿಂದ ಏಳು ಕಾಫಿ ಬೀಜ ತಂದರು ಎಂಬುದು ಇಲ್ಲಿನ ಮಗುವಿಗೂ ಗೊತ್ತಿರುವ ಕಥೆ. ಒಬ್ಬ ಪ್ರಯಾಣಿಕನ ಏಳು ಬೀಜದ ಲಗೇಜು ಒಂದು ಜಿಲ್ಲೆಯ ಬದುಕನ್ನೇ ಬದಲಿಸಿತು. ನಮ್ಮ ಲಗೇಜಿನಲ್ಲಿ ಟೆಂಟು, ಮಲಗುವ ಚೀಲ, ಮಡಚುವ ಕುರ್ಚಿ, ಗ್ಯಾಸ್ ಒಲೆ, ಮೂರು ಬಗೆಯ ನೂಡಲ್ಸ್ ಇದ್ದವು.

ಕೊಯ್ಲಿನ ಕಾಲದಲ್ಲಿ ಮೂಡಿಗೆರೆ ರಸ್ತೆಗೆ ಒಂದು ವಾಸನೆ ಇರುತ್ತದೆ. ಕಾಫಿಪುಡಿಯ ಘಮವೇ ಇರಬೇಕೆಂದು ಹೊಸಬರು ಮೂಗು ಅರಳಿಸುತ್ತಾರೆ. ಅಲ್ಲ, ಅದು ಪಲ್ಪರ್ ಮನೆಯ ಹುಳಿ ವಾಸನೆ. ಹಣ್ಣಿನ ಸಿಪ್ಪೆ ಸುಲಿದು, ಲೋಳೆ ತೊಳೆದು, ಬೀಜವನ್ನು ಕಣಕ್ಕೆ ಹಾಕಿದರೆ ಪಾರ್ಚ್‌ಮೆಂಟು. ಹಣ್ಣನ್ನು ಹಾಗೇ ಒಣಗಿಸಿದರೆ ಚೆರ್ರಿ. ಕೊಳೆಯುವ ಸಿಪ್ಪೆಯ ರಾಶಿಯೇ ಆ ವಾಸನೆಯ ಮೂಲ. ಬೆಳಿಗ್ಗೆ ಎಂಟರ ಹೊತ್ತಿಗೆ ತೋಟಕ್ಕೆ ಆಳುಗಳನ್ನು ತುಂಬಿಕೊಂಡ ಜೀಪುಗಳು ಎದುರಾಗುತ್ತವೆ. ಒಳಗೆ ಹತ್ತು, ಹಿಂದೆ ನೇತಾಡುವವರು ನಾಲ್ಕು. ಉತ್ತರ ಕರ್ನಾಟಕದವರು, ಈಚೆಗೆ ಅಸ್ಸಾಮಿನವರು. ತಿರುವಿನಲ್ಲಿ ನಮ್ಮ ಮುಂದಿನ ಬೈಕುಗಳು ಸರ್ರನೆ ನುಗ್ಗಿದಾಗ ಜೀಪು ಚರಂಡಿ ಅಂಚಿಗೆ ಸರಿದು ನಿಲ್ಲುತ್ತದೆ. ಡ್ರೈವರ್ ಬೈಗುಳವನ್ನು ಬಾಯಲ್ಲಿ ಜೋಡಿಸಿಕೊಳ್ಳುವಷ್ಟರಲ್ಲಿ ಅವರು ಮುಂದೆ ಹೋಗಿಯಾಗಿರುತ್ತದೆ. ಸಿದ್ಧವಾದ ಬೈಗುಳ ವ್ಯರ್ಥವಾಗಬಾರದಲ್ಲ, ಕೊನೆಗೆ ಬಂದ ನನಗೆ ಅದು ಸಲ್ಲುತ್ತದೆ. ಮಕ್ಕಳ ಟಾಟಾ ಕೂಡ ಹಾಗೆಯೇ. ಮೊದಲ ಬೈಕಿಗೆ ಎದ್ದ ಕೈ ನನ್ನ ಪಾಳಿ ಬರುವ ಹೊತ್ತಿಗೆ ಸೋತು ಅರ್ಧಕ್ಕೆ ಬಂದಿರುತ್ತದೆ. ನಾಯಿಗಳು ಮಾತ್ರ ಸೋಲುವುದಿಲ್ಲ. ಮುಂದಿನವರಿಗೆ ಬೊಗಳಿ ಅಭ್ಯಾಸ ಮಾಡಿಕೊಂಡು ನನ್ನನ್ನು ಅಟ್ಟುತ್ತವೆ.

ಬಣಕಲ್ ದಾಟುವ ಮೊದಲು ಒಂದು ಗೂಡಂಗಡಿಯ ಮುಂದೆ ಒಬ್ಬರು ಎರಡೂ ಕೈ ಅಡ್ಡ ಹಿಡಿದು ನನ್ನನ್ನು ನಿಲ್ಲಿಸಿದರು.

“ನೀವು ಆ ಬೈಕಿನೋರ ಜೊತೆಯವ್ರಾ?”

ಒಪ್ಪಿಕೊಂಡೆ.

“ಎಂತ ಜನ ಮಾರಾಯ್ರೇ ಅವ್ರು! ಮುಂದೆ ಎಸ್ಟೇಟ್ ಹತ್ರ ಆನೆ ಅದೆ ಅಂತ ಮೊಬೈಲಿಗೆ ಮೆಸೇಜ್ ಬಂದದೆ. ನಿಲ್ಲಿ ಅಂತ ಕೈ ಎತ್ತಿದ್ರೆ ಒಬ್ಬೊಬ್ರೂ ಟಾಟಾ ಮಾಡ್ಕಂಡು ಹೋದ್ರು.”

ಈ ಭಾಗದಲ್ಲಿ ಆನೆ ಎಲ್ಲಿದೆ ಎಂಬುದು ನಿತ್ಯದ ಮಾಹಿತಿ. ಅರಣ್ಯ ಇಲಾಖೆ ಆನೆಗೆಂದೇ ಕಾರ್ಯಪಡೆ ಕಟ್ಟಿದೆ. ಆನೆಯ ಸುದ್ದಿ ಬಂದ ದಿನ ತೋಟದ ಕೆಲಸ ಬೇಗ ಮುಗಿಯುತ್ತದೆ, ಶಾಲೆಗೆ ಹೋದ ಮಕ್ಕಳನ್ನು ಕರೆತರಲು ದೊಡ್ಡವರು ಹೋಗುತ್ತಾರೆ. ಇದ್ಯಾವುದೂ ನಮ್ಮ ಫೋನಿನ ನಕ್ಷೆಯಲ್ಲಿರಲಿಲ್ಲ. ಆ ಅಂಗಡಿಯವರ ಎತ್ತಿದ ಕೈಯಲ್ಲಿತ್ತು. ಅದನ್ನು ನಮ್ಮವರು ಸ್ವಾಗತವೆಂದು ಸ್ವೀಕರಿಸಿದ್ದರು. ಅರ್ಧ ಗಂಟೆ ಅಲ್ಲೇ ಕೂತೆ. ಅಷ್ಟರಲ್ಲಿ ಅಂಗಡಿಯವರು ಯೆಜ್ಡಿಯ ಸುತ್ತ ಎರಡು ಸುತ್ತು ಬಂದರು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿದರೂ, ಅಲ್ಲಿ ಹುಟ್ಟಿದ ಗಾಡಿ ಕಂಡರೆ ಐವತ್ತು ದಾಟಿದ ಗಂಡಸರ ಎಡಗಾಲು ತಾನಾಗಿ ಏಳುತ್ತದೆ. ಅದರ ಕಿಕ್ಕರ್ ಮತ್ತು ಗೇರ್ ಎರಡೂ ಒಂದೇ ಲಿವರ್. ಎಡಬದಿಯ ಆ ಲಿವರನ್ನು ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್. ಒದ್ದು ಎಂಜಿನ್ ಶುರುವಾದ ಮೇಲೆ ಮುಂದಕ್ಕೆ ಮಡಚಿದರೆ ಗೇರ್. ಗೊತ್ತಿಲ್ಲದವರು ಬಲಗಡೆ ಕಿಕ್ಕರ್ ಹುಡುಕಿ ಸುಸ್ತಾಗುತ್ತಾರೆ. ಅಂಗಡಿಯವರು ಕೇಳದೆಯೇ ಲಿವರ್ ತಿರುಗಿಸಿ ಒಂದೇ ಒದೆತಕ್ಕೆ ಶುರು ಮಾಡಿದರು. ಚಹಾದ ದುಡ್ಡು ತೆಗೆದುಕೊಳ್ಳಲಿಲ್ಲ.

ಮೂಡಿಗೆರೆಗೆ ಬಂದು ತೇಜಸ್ವಿಯವರನ್ನು ನೆನೆಯದೆ ಹೋದವರುಂಟೆ? ಕೊಟ್ಟಿಗೆಹಾರದಲ್ಲಿ ಅವರ ಹೆಸರಿನ ಪ್ರತಿಷ್ಠಾನವಿದೆ, ಬೈಕಿನಲ್ಲಿ ಬರುವ ಹುಡುಗರು ಅಲ್ಲಿ ನಿಂತೇ ಮುಂದೆ ಹೋಗುತ್ತಾರೆ. ಕನ್ನಡದ ಅತಿ ಪ್ರಸಿದ್ಧ ಕಾಡು ತಿರುಗಾಟ ನಡೆದದ್ದು ಅವರ ‘ಕರ್ವಾಲೊ’ದಲ್ಲಿ. ವಿಜ್ಞಾನಿ, ತೋಟ ಮಾಡುವ ನಿರೂಪಕ, ಕ್ಯಾಮೆರಾದವನು, ಅಡುಗೆಯವನು, ಒಂದು ನಾಯಿ, ಹೀಗೆ ತಾಳಮೇಳವಿಲ್ಲದ ಗುಂಪೊಂದು ಹಾರುವ ಓತಿಯನ್ನು ಹುಡುಕಿ ಹೊರಡುತ್ತದೆ. ಊರಿನವರು ಯಾವ ಲೆಕ್ಕಕ್ಕೂ ಹಿಡಿಯದ ಮಂದಣ್ಣನ ಕಣ್ಣನ್ನೇ ಅಷ್ಟು ದೊಡ್ಡ ವಿಜ್ಞಾನಿ ನೆಚ್ಚಿಕೊಂಡಿರುತ್ತಾರೆ. ಸಾಲಿನ ಹಿಂದಿರುವವನಿಗೆ ಇದಕ್ಕಿಂತ ದೊಡ್ಡ ಸಮಾಧಾನ ಬೇರೆ ಬೇಕಿಲ್ಲ.

ಕೊಟ್ಟಿಗೆಹಾರದಲ್ಲಿ ನಮ್ಮವರು ನೀರುದೋಸೆ ತಿಂದು ಕೈ ತೊಳೆಯುತ್ತಿದ್ದರು. ಆನೆಯ ವಿಷಯ ಹೇಳಿದೆ. “ಛೇ, ನೋಡಬಹುದಿತ್ತು” ಅಂದರು. ನೇರ ಹೋದರೆ ಚಾರ್ಮಾಡಿ ಘಾಟಿ, 2019ರ ಆಗಸ್ಟ್ ಮಳೆಯಲ್ಲಿ ಅಲ್ಲಲ್ಲಿ ಕುಸಿದು ತಿಂಗಳುಗಟ್ಟಲೆ ಸುದ್ದಿಯಲ್ಲಿದ್ದ ದಾರಿ. ನಾವು ಬಾಳೂರಿನ ಮೇಲೆ ಕಳಸದ ಕಡೆ ತಿರುಗಿದೆವು. ಹೇಮಾವತಿ ಹುಟ್ಟುವ ಜಾವಳಿ ಇದೇ ಸೀಮೆಯಲ್ಲಿದೆ. ಹಾಸನದ ಗೊರೂರಿನಲ್ಲಿ ಸಮುದ್ರದಷ್ಟು ನಿಲ್ಲುವ ಆ ನೀರು ಇಲ್ಲಿ ದಾಟಿದ್ದೇ ತಿಳಿಯದಷ್ಟು ಚಿಕ್ಕದು.

ಟೆಂಟ್ ಹಾಕುವುದು ಎಲ್ಲಿ ಎಂಬುದು ಈಚೆಗೆ ದೊಡ್ಡ ಪ್ರಶ್ನೆ. ಕುದುರೆಮುಖ 1987ರಿಂದ ರಾಷ್ಟ್ರೀಯ ಉದ್ಯಾನ. ಅದರೊಳಗೆ ರಾತ್ರಿ ತಂಗುವಂತಿಲ್ಲ. ಚಾರಣಕ್ಕೂ ಮುಂಗಡ ಅನುಮತಿ ಬೇಕು. ಅಲ್ಲಿನ ಕಬ್ಬಿಣದ ಅದಿರಿನ ಗಣಿ 2005ರ ಕೊನೆಗೆ ಸುಪ್ರೀಂ ಕೋರ್ಟಿನ ಆದೇಶದಂತೆ ನಿಂತ ಮೇಲೆ ಭದ್ರೆಗೆ ಗಣಿ ಮಣ್ಣು ಇಳಿಯುವುದು ತಪ್ಪಿದೆ. ಅಷ್ಟು ಕಷ್ಟದಿಂದ ಉಳಿದ ಕಾಡಿನಲ್ಲಿ ನಮ್ಮ ನೂಡಲ್ಸ್ ಕವರಿಗೆ ಜಾಗವಿಲ್ಲದಿರುವುದು ನ್ಯಾಯವೇ. ಹಾಗಾಗಿ ಕಳಸಕ್ಕೆ ಸ್ವಲ್ಪ ಈಚೆ, ಸ್ನೇಹಿತರ ಪರಿಚಯದ ಗೌಡರೊಬ್ಬರ ತೋಟದಲ್ಲಿ ಕೇಳಿಕೊಂಡಿದ್ದೆವು. ಅಂಗಳದಲ್ಲಿ ಬೈಕು ನಿಲ್ಲಿಸುವಾಗ ಗೌಡರು ಕೇಳಿದ ಮೊದಲ ಪ್ರಶ್ನೆ ನಮ್ಮ ಇಡೀ ಯೋಜನೆಯನ್ನೇ ಅಲ್ಲಾಡಿಸಿತು.

“ಒಳಗೆ ಮೂರು ಕೋಣೆ ಖಾಲಿ ಅದಾವೆ, ಹಾಸಿಗೆ ಅದೆ. ಹೊರಗೆ ಯಾಕೆ ಮಲಗ್ತೀರಿ? ಮನೆಗೆ ಬಂದೋರು ಅಂಗಳದಲ್ಲಿ ಮಲಗಿದ್ರೆ ನೋಡಿದೋರು ಎಂತ ಹೇಳ್ತಾರೆ?”

ಲಕ್ಷಾಂತರ ರೂಪಾಯಿಯ ಬೈಕಿನ ಮೇಲೆ ಮುನ್ನೂರು ಕಿಲೋಮೀಟರ್ ಬಂದು ನೆಲದ ಮೇಲೆ ಮಲಗುವುದರಲ್ಲಿ ಏನು ಸುಖವಿದೆ ಎಂದು ವಿವರಿಸುವ ಧೈರ್ಯ ನಮ್ಮಲ್ಲಿ ಯಾರಿಗೂ ಬರಲಿಲ್ಲ. ಇನ್ನೊಂದು ತೊಡಕಿತ್ತು. ಟೆಂಟಿಗೆ ಸಮತಟ್ಟು ಜಾಗ ಬೇಕು. ಮಲೆನಾಡಿನಲ್ಲಿ ಸಮತಟ್ಟು ಜಾಗ ಅಂದರೆ ಒಂದು ಗದ್ದೆ, ಇನ್ನೊಂದು ಕಾಫಿ ಕಣ. ಗದ್ದೆಯಲ್ಲಿ ಕೆಸರು, ಕಣದಲ್ಲಿ ಕಾಫಿ. ಕಡೆಗೆ ಗೌಡರ ಮನೆಯ ಅಮ್ಮ ಕಣದ ಮೂಲೆಯೊಂದನ್ನು ಗುಡಿಸಿಕೊಟ್ಟರು.

ನಾಲ್ಕು ಗಂಟೆಗೆ ಮೋಡ ಕವಿಯಿತು. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ಕಳಸದಲ್ಲಿ ಕಾಫಿ ನೆನೆಯುತ್ತದೆ. ಗುಡ್ಡದ ಮೇಲಿಂದ ಮಂಜು ಇಳಿದು ಸಣ್ಣ ಹನಿ ಶುರುವಾದಾಗ ನಮ್ಮವರು ಕೈ ಚಾಚಿ, ಮುಖ ಮೇಲೆತ್ತಿ, “ವಾತಾವರಣ ಅಂದ್ರೆ ಇದು” ಎಂದು ಒಬ್ಬರನ್ನೊಬ್ಬರು ವಿಡಿಯೊ ಮಾಡತೊಡಗಿದರು. ಚೈನಿಗೆ ಬಿದ್ದ ಜರ್ಕಿನ್ನೊಂದನ್ನು ಹೆಕ್ಕಿಕೊಂಡು ನಾನು ಅಂಗಳದಿಂದ ತಡವಾಗಿ ಕಣಕ್ಕೆ ಬಂದಾಗ, ಅದರ ಒಂದು ತುದಿಯಲ್ಲಿ ಈ ಸಂಭ್ರಮ. ಇನ್ನೊಂದು ತುದಿಯಲ್ಲಿ ಗೌಡರು, ಅಮ್ಮ, ಮಗ, ಸೊಸೆ, ಲೈನ್ ಮನೆಯ ಇಬ್ಬರು ಹೆಂಗಸರು ಬಗ್ಗಿದ ಬೆನ್ನು ಎತ್ತದೆ ಮರದ ಹಲಗೆಯಿಂದ ಪಾರ್ಚ್‌ಮೆಂಟು ಗೋರಿ ರಾಶಿ ಮಾಡುತ್ತಿದ್ದರು. ವಾರದಿಂದ ಬಿಸಿಲಲ್ಲಿ ಆಡಿಸಿದ ಬೀಜ ಒಮ್ಮೆ ನೆಂದರೆ ಬೂಷ್ಟು ಹಿಡಿಯುತ್ತದೆ, ಬಣ್ಣ ಹೋಗುತ್ತದೆ, ಐವತ್ತು ಕೆಜಿ ಚೀಲಕ್ಕೆ ವ್ಯಾಪಾರಿ ಹೇಳುವ ರೇಟು ಇಳಿಯುತ್ತದೆ. ಕೊನೆಗೆ ಬಂದವನಿಗೆ ಯಾರೂ ಏನೂ ಕೇಳಲಿಲ್ಲ. ಅಮ್ಮ ಒಂದು ಹಲಗೆಯನ್ನು ನನ್ನ ಕೈಗೆ ಕೊಟ್ಟರು, ಅಷ್ಟೆ.

ನಾನು ಗೋರುವುದನ್ನು ಕಂಡು ಒಬ್ಬ ಬಂದ, ಅವನ ಹಿಂದೆ ಇನ್ನೊಬ್ಬ. ಫೋನುಗಳು ಜೇಬು ಸೇರಿದವು. ರಾಶಿಯಾಯಿತು, ಆದರೆ ಟಾರ್ಪಾಲು ಸಾಲಲಿಲ್ಲ. ಯಾರೋ ಓಡಿಹೋಗಿ ಟೆಂಟಿನ ಹೊದಿಕೆ ಬಿಚ್ಚಿ ತಂದ. ಕಿತ್ತಳೆ, ನೀಲಿ, ಹಸಿರು ಹೊದಿಕೆಗಳೆಲ್ಲ ಒಂದೊಂದಾಗಿ ಕಾಫಿಯ ಮೇಲೆ ಬಿದ್ದವು. ಅಂಚಿಗೆ ಕಲ್ಲು ಹೇರಿದೆವು. ಅದೇ ಹೊತ್ತಿಗೆ ಮಳೆ ದಪ್ಪ ಹನಿ ಹಾಕಿತು.

“ಇದಕ್ಕೆ ಬಾಡಿಗೆ ಎಷ್ಟು ಕೊಡ್ಬೇಕು ಮಾರಾಯ್ರೇ?” ಗೌಡರು ಹಣೆ ಒರೆಸಿಕೊಳ್ಳುತ್ತ ನಕ್ಕರು. ಆಮೇಲೆ ಜಗುಲಿಯಲ್ಲಿ ಕೂತು, “ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದೋರು 1925ರಿಂದ ರೋಗಕ್ಕೆ ತಕ್ಕ ತಳಿ ಹುಡುಕ್ತಾನೇ ಇದ್ದಾರೆ. ಡಿಸೆಂಬರ್ ಮಳೆಗೆ ತಡೆಯೋ ತಳಿ ಮಾತ್ರ ಇನ್ನೂ ಬಂದಿಲ್ಲ” ಅಂದರು. ಟೆಂಟುಗಳು ಕಾಫಿಗೆ ಹೋದ ಮೇಲೆ ಮಲಗುವ ಜಾಗದ ಚರ್ಚೆಯೇ ಉಳಿಯಲಿಲ್ಲ. ಹಂಡೆಯ ಬಿಸಿನೀರಿನ ಸ್ನಾನ, ಅಕ್ಕಿ ರೊಟ್ಟಿ, ಕೋಳಿ ಸಾರು, ಆಮೇಲೆ ಅದೇ ಮೂರು ಕೋಣೆ. “ಕಡೆಗೂ ಒಳಗೆ ಬಂದ್ರಲ್ಲ” ಎಂದು ಅಮ್ಮ ಚಾಪೆಯ ಮೇಲೆ ಹಾಸಿಗೆ ಬಿಚ್ಚಿದರು.

ಮರುದಿನ ಕಳಸೇಶ್ವರನಿಗೆ ಕೈ ಮುಗಿದು, ಭದ್ರೆ ದಾಟಿ ಹೊರನಾಡಿಗೆ ಹೋದೆವು. ಅನ್ನಪೂರ್ಣೇಶ್ವರಿಯ ಸನ್ನಿಧಿಯಲ್ಲಿ ಬಂದವರೆಲ್ಲರಿಗೂ ಊಟ. ಯಾವ ಊರು, ಯಾವ ಜಾತಿ, ಎಷ್ಟು ಸಿಸಿ ಎಂದು ಯಾರೂ ಕೇಳುವುದಿಲ್ಲ. ಮೊಣಕಾಲಿನ ಗಾರ್ಡು ಬಿಚ್ಚಲು ಹೋಗಿ ನಮ್ಮವರೆಲ್ಲ ತಡಮಾಡಿದ್ದರಿಂದ ಅಂದು ಇಡೀ ಗುಂಪಿಗೆ ನನ್ನ ಪಂಕ್ತಿಯೇ ಸಿಕ್ಕಿತು. ಅನ್ನದ ಬುಟ್ಟಿ ಹಿಡಿದವರು ಪಕ್ಕದಲ್ಲೇ ನಿಂತು, ನಿನ್ನೆಯ ಮಳೆಗೆ ಯಾರ ಯಾರ ಕಣ ನೆಂದಿತು ಎಂದು ಮಾತಾಡಿಕೊಳ್ಳುತ್ತಿದ್ದರು. ನಮ್ಮವರು ತಲೆ ಎತ್ತಿ ಕೇಳಿಸಿಕೊಂಡರು. ಒಬ್ಬ, “ನಮ್ಮ ಗೌಡ್ರದ್ದು ನೆನೀಲಿಲ್ಲ” ಅಂದ. ಮೊದಲ ದಿನ ಬೆಳಿಗ್ಗೆ ಜೀಪನ್ನು ಚರಂಡಿಗೆ ಸರಿಸಿ ನುಗ್ಗಿದ್ದವನು ಅವನೇ.

ಈ ಗುಡ್ಡಗಳಿಗೆ ಬೈಕಿನಲ್ಲಿ ಬರಬೇಡಿ ಎಂದು ಹೇಳುವ ಹಕ್ಕು ನನಗಿಲ್ಲ. ನಾನೇ ಹೊಗೆ ಬಿಡುತ್ತ ಹೋಗುವವನು. ಬನ್ನಿ. ಕಂಪನಿ ಕೊಟ್ಟ ಸೈಲೆನ್ಸರ್ ಕಿತ್ತು ಗುಡುಗುವುದನ್ನು ಹಾಕಿಸಿಕೊಂಡಿದ್ದರೆ ಅದನ್ನು ಮಾತ್ರ ಮನೆಯಲ್ಲೇ ಬಿಟ್ಟು ಬನ್ನಿ. ಕಾಡಿನೊಳಗೆ ಟೆಂಟು ಬೇಡ, ತೋಟದವರನ್ನು ಕೇಳಿ ಹಾಕಿ. ತಂದ ಕವರು, ಬಾಟಲಿ ವಾಪಸು ಒಯ್ಯಿರಿ. ದಾರಿಯಲ್ಲಿ ಯಾರಾದರೂ ಕೈ ಎತ್ತಿದರೆ ಟಾಟಾ ಮಾಡುವ ಮೊದಲು ಒಂದು ಗಳಿಗೆ ನಿಲ್ಲಿ. ಗುಂಪಿನಲ್ಲಿ ಹೋಗುವವರು ದಿನಕ್ಕೊಬ್ಬರಂತೆ ಪಾಳಿ ಹಾಕಿಕೊಂಡು ಕಡೆಯಲ್ಲಿ ಹೋಗಿ ನೋಡಿ. ನಿಮ್ಮ ಗುಂಪು ಹೋದ ಮೇಲೆ ರಸ್ತೆಯಲ್ಲಿ ಏನಾಗುತ್ತದೆ ಎಂಬುದು ಅಲ್ಲಿಂದ ಮಾತ್ರ ಕಾಣುತ್ತದೆ. ಮತ್ತೆ ತಿರುವಿನಲ್ಲಿ ಜೀಪು ಎದುರಾದರೆ ದಾರಿ ಬಿಡಬೇಕಾದವರು ನಾವೇ. ಅವರು ಕೆಲಸಕ್ಕೆ ಹೊರಟವರು, ನಾವು ರಜೆ ಹಾಕಿ ಬಂದವರು.