ಪಾಲಾರಿನ ಹಳೆಯ ವಿಳಾಸ

ಮಲೆ ಮಹದೇಶ್ವರ ಬೆಟ್ಟದಿಂದ ಮೆಟ್ಟೂರಿನ ಕಡೆ ಇಳಿದರೆ ಪಾಲಾರ್ ಸಿಗುತ್ತದೆ. ಸೇತುವೆ ದಾಟಿದರೆ ತಮಿಳುನಾಡು.

ಮಕ್ಕಳೇ, ಈ ಸೀಮೆಯ ಹಳೆಯ ಕಾಗದವೊಂದು ಅಜ್ಜಿಯ ಪೆಟ್ಟಿಗೆಯಲ್ಲಿ ಸಿಕ್ಕರೆ ವಿಳಾಸ ಓದಿ. ‘ಕೊಳ್ಳೇಗಾಲ ತಾಲ್ಲೂಕು, ಕೋಯಮತ್ತೂರು ಜಿಲ್ಲೆ’ ಎಂದಿದ್ದರೆ ಬೆರಗಾಗಬೇಡಿ. 1956ರ ನವೆಂಬರ್ 1ಕ್ಕೆ ಮುಂಚೆ ಕೊಳ್ಳೇಗಾಲ ಮದ್ರಾಸ್ ರಾಜ್ಯಕ್ಕೆ ಸೇರಿತ್ತು. ಆಮೇಲೆ ಮೈಸೂರು ಜಿಲ್ಲೆ, 1997ರಿಂದ ಚಾಮರಾಜನಗರ ಜಿಲ್ಲೆ. ಪಾಲಾರ್ ಈಗ ಹನೂರು ತಾಲ್ಲೂಕಿನಲ್ಲಿದೆ. ಊರು ಕದಲಲಿಲ್ಲ, ವಿಳಾಸ ಮಾತ್ರ ಬದಲಾಯಿತು! ಪಿನ್‌ಕೋಡ್ ಬಂದದ್ದು 1972ರಲ್ಲಿ. ಅಂಚೆ ಮುದ್ರೆಯ ತಾರೀಖು, ಊರಿನ ಹೆಸರು, ಅದಕ್ಕೆ ಕಾಗದ ತಲುಪಿಸುತ್ತಿದ್ದ ಅಂಚೆ ಕಚೇರಿಯ ಹೆಸರು, ಇವು ಮೂರೂ ಸಿಕ್ಕರೆ ಮರೆತುಹೋದ ಪುಟ್ಟ ಹಳ್ಳಿಯ ಜಾಡು ಸಿಗುತ್ತದೆ.

ಆದರೆ ಕಾಗದವೇ ಬಾರದ ಊರು? ಓದುಬರಹ ತಲುಪುವ ಮುಂಚೆ ಈ ಕಾಡುಗಳ ಸೋಲಿಗರ ಪೋಡುಗಳಿಗೆ ಕಾಗದ ಬರೆಯುವವರು ಯಾರು? ಪೋಡು ಎಂದರೆ ಸೋಲಿಗರ ಹಾಡಿ. ಕಾಡಿನಲ್ಲಿ ಬಾಳುವ ಹಕ್ಕು ಕೇಳಲು ಅವರಿಗೂ ಪುರಾವೆ ಬೇಕು. 2006ರ ಅರಣ್ಯ ಹಕ್ಕು ಕಾಯ್ದೆಯ ನಿಯಮಗಳು ಇದಕ್ಕೊಂದು ದಾರಿ ಮಾಡಿವೆ. ಸರ್ಕಾರಿ ಕಾಗದಗಳ ಜೊತೆಗೆ ಹಳೆಯ ಬಾವಿ, ಸಮಾಧಿ, ದೇವರ ತಾಣಗಳೂ ಪುರಾವೆಯೇ. ಹಕ್ಕು ಕೇಳುವವರಲ್ಲದ ಹಿರಿಯರು ಹೇಳಿ ಬರೆಸಿದ ಮಾತೂ ಪುರಾವೆಯೇ! ಬಿಳಿಗಿರಿರಂಗನ ಬೆಟ್ಟದ ಹಲವು ಪೋಡುಗಳಿಗೆ 2011ರಲ್ಲಿ ಸಮುದಾಯದ ಹಕ್ಕುಪತ್ರ ಸಿಕ್ಕಿತು.

ಅಜ್ಜ ಅಜ್ಜಿಯರೇ, ನಿಮ್ಮೂರಿನ ಹಳೆಯ ಬಾವಿ ಎಲ್ಲಿತ್ತು, ಕಾಗದ ಯಾವ ಊರಿನಿಂದ ಬರುತ್ತಿತ್ತು? ಮೊಮ್ಮಕ್ಕಳಿಗೆ ಹೇಳಿ. ಮಕ್ಕಳೇ, ತಾರೀಖು ಹಾಕಿ ಬರೆದಿಡಿ.